ಏಪ್ರಿಲ್ ಬಿಸಿಲಿನ ಬ್ಯಾಂಕಾಕ್‌ನಲ್ಲಿ ಒಬ್ಬಳೇ ಇದ್ದೇನೆ: ದಿನವನ್ನು ಹೇಗೆ ಹೊಂದಿಸಿಕೊಳ್ಳಲಿ?

ತುಂಗಾತೀರ

ಎಲ್ಲರಿಗೂ ನಮಸ್ಕಾರ.

ನಾನು ಶಿವಮೊಗ್ಗದ ಕಾಲೇಜೊಂದರಲ್ಲಿ ಇತಿಹಾಸದ ಉಪನ್ಯಾಸಕಿ. ನಮಗೆ ದೀರ್ಘ ರಜೆ ಸಿಗುವುದು ಬೇಸಿಗೆಯಲ್ಲಿ ಮಾತ್ರವಾದ್ದರಿಂದ, ಬಹುಕಾಲದಿಂದ ಮನಸ್ಸಿನಲ್ಲಿದ್ದ ಬ್ಯಾಂಕಾಕ್ ಪ್ರವಾಸವನ್ನು ಏಪ್ರಿಲ್ ತಿಂಗಳ ಉತ್ತರಾರ್ಧದಲ್ಲಿಯೇ ಕೈಗೊಂಡಿದ್ದೇನೆ. ಇದು ನನ್ನ ಮೊದಲ ವಿದೇಶ ಪ್ರವಾಸ, ಅದೂ ಒಬ್ಬಳೇ. ಥಾಯ್ ಹೊಸವರ್ಷವಾದ ಸೋಂಗ್‌ಕ್ರಾನ್ ಹಬ್ಬದ ನೀರೆರಚಾಟವೆಲ್ಲ ಮುಗಿದ ಮೇಲೆ ಬಂದಿಳಿದೆ. ಸುಖುಮ್‌ವಿತ್ ರಸ್ತೆಯ ಓನ್ ನುತ್ ನಿಲ್ದಾಣದ ಸಮೀಪದಲ್ಲಿ ಒಂದು ಚಿಕ್ಕ ಹೋಟೆಲಿನಲ್ಲಿ ಉಳಿದುಕೊಂಡಿದ್ದೇನೆ. ಕೋಣೆ ಶುಚಿಯಾಗಿದೆ, ಸುತ್ತಲಿನ ಜನ ಸೌಮ್ಯವಾಗಿ ನಡೆದುಕೊಳ್ಳುತ್ತಾರೆ, ರಾತ್ರಿ ಒಂಬತ್ತಕ್ಕೆ ರೈಲು ಇಳಿದು ನಡೆದು ಬರಲು ಭಯವೆನಿಸುವುದಿಲ್ಲ. ಕಷ್ಟವೆಲ್ಲ ಇರುವುದು ಬಿಸಿಲಿನದು.

ನಮ್ಮ ಊರಿನಲ್ಲಿಯೂ ಏಪ್ರಿಲ್ ಎಂದರೆ ಸುಡುವ ತಿಂಗಳೇ. ಆದರೂ ಅಲ್ಲಿ ಸಂಜೆಯ ಹೊತ್ತಿಗೆ ಗಾಳಿ ತಿರುಗುತ್ತದೆ, ನಸುಕಿನಲ್ಲಿ ಹೊದಿಕೆ ಎಳೆದುಕೊಳ್ಳುವಷ್ಟು ತಂಪಾಗುತ್ತದೆ. ಇಲ್ಲಿ ನಡುರಾತ್ರಿ ಕಿಟಕಿ ತೆರೆದರೂ ಒಳಗೆ ಬರುವುದು ಬಿಸಿಗಾಳಿಯೇ. ನಕಾಶೆಯಲ್ಲಿ ಒಂದೂವರೆ ಕಿಲೋಮೀಟರ್ ಎಂದು ಕಾಣುವ ದಾರಿಯನ್ನು ನಡೆದು ಮುಗಿಸುವಷ್ಟರಲ್ಲಿ ಉಟ್ಟ ಬಟ್ಟೆ ಒದ್ದೆಯಾಗಿ ತಲೆ ಭಾರವಾಗುತ್ತದೆ. ಪಾದಚಾರಿ ಮಾರ್ಗದ ಅರ್ಧವನ್ನು ತಿಂಡಿಗಾಡಿಗಳು ಹಿಡಿದಿರುತ್ತವೆ, ರಸ್ತೆ ದಾಟಬೇಕೆಂದರೆ ಮೇಲ್ಸೇತುವೆಯ ಮೆಟ್ಟಿಲು ಹತ್ತಿ ಇಳಿಯಬೇಕು, ಹೀಗಾಗಿ ಬೆಳಿಗ್ಗೆ ಹನ್ನೊಂದಕ್ಕೆಲ್ಲ ದಿನವೇ ಮುಗಿದಂತೆ ಅನಿಸಿ ಕೋಣೆಗೆ ಮರಳುತ್ತಿದ್ದೇನೆ.

ನನ್ನ ಆಸಕ್ತಿ ಇರುವುದು ರತ್ತನಕೋಸಿನ್ ಎಂದು ಕರೆಯುವ ಹಳೆಯ ನಗರದಲ್ಲಿ. ಒಂದನೆಯ ರಾಮ 1782ರಲ್ಲಿ ಚಕ್ರಿ ವಂಶವನ್ನು ಸ್ಥಾಪಿಸಿ ನದಿಯ ಪೂರ್ವ ದಡದಲ್ಲಿ ಕಟ್ಟಿಸಿದ ರಾಜಧಾನಿಯನ್ನೂ, ರಾಮಾಯಣವು ಇಲ್ಲಿ ರಾಮಕಿಯೆನ್ ಆಗಿ ಹೇಗೆ ಬಾಳುತ್ತಿದೆ ಎಂಬುದನ್ನೂ ಕಣ್ಣಾರೆ ನೋಡಬೇಕೆಂದೇ ಬಂದವಳು ನಾನು. ಶಾಪಿಂಗ್ ಮಾಲ್‌ಗಳಲ್ಲಿ ದಿನ ಕಳೆಯುವ ಇಚ್ಛೆಯಿಲ್ಲ.

ಬಲ್ಲವರು ದಯವಿಟ್ಟು ಮೂರು ವಿಷಯ ತಿಳಿಸಬೇಕು. ಇಂತಹ ಸೆಕೆಯಲ್ಲಿ ದಿನವನ್ನು ಹೇಗೆ ಹೊಂದಿಸಿಕೊಂಡರೆ ಹಳೆಯ ನಗರವನ್ನು ಸಮಾಧಾನದಿಂದ ನೋಡಬಹುದು? ನಮ್ಮ ಹೋಟೆಲಿನಲ್ಲಿ ಉಳಿದುಕೊಂಡಿರುವ ಪ್ರವಾಸಿಯೊಬ್ಬರು, ಉತ್ತರದ ಚಿಯಾಂಗ್ ಮಾಯ್ ಗುಡ್ಡಗಾಡಿನ ಊರಾದ್ದರಿಂದ ತಂಪಾಗಿರುತ್ತದೆ, ರಾತ್ರಿ ರೈಲಿನಲ್ಲಿ ಅಲ್ಲಿಗೆ ಹೊರಟುಬಿಡಿ ಎನ್ನುತ್ತಿದ್ದಾರೆ. ಅದು ಸರಿಯಾದ ಸಲಹೆಯೇ? ನಾನು ಸಸ್ಯಾಹಾರಿ, ಮೀನಿನ ರಸ ಸೇರದ ಊಟವನ್ನು ಕೇಳಿ ಪಡೆಯುವುದು ಹೇಗೆ?

ಹಳೆಯ ನಗರದ ರಾಜರ ಅರಮನೆಯ (ಗ್ರ್ಯಾಂಡ್ ಪ್ಯಾಲೆಸ್) ಗೋಡೆಯ ಪಕ್ಕ ನಡೆಯುತ್ತಿದ್ದಾಗ ಒಬ್ಬ ಸಭ್ಯ ವ್ಯಕ್ತಿ ಎದುರಾಗಿ, ವಿಶೇಷ ಪೂಜೆಯ ಕಾರಣ ಮಧ್ಯಾಹ್ನದವರೆಗೆ ಅರಮನೆ ಮುಚ್ಚಿದೆಯೆಂದೂ ಅಷ್ಟರವರೆಗೆ ಟುಕ್‌ಟುಕ್‌ನಲ್ಲಿ ಬೇರೆ ದೇವಾಲಯಗಳನ್ನು ತೋರಿಸುವುದಾಗಿಯೂ ಹೇಳಿದರು. ಆಗಲೇ ಬಳಲಿದ್ದರಿಂದ ನಾನು ಎಲ್ಲಿಗೂ ಹೋಗದೆ ಹಿಂತಿರುಗಿದೆ. ಹಾಗೆ ಅರಮನೆಯನ್ನು ನಿಜವಾಗಿಯೂ ಮುಚ್ಚುತ್ತಾರೆಯೇ?

---

ಬಿಸಿಲನಾಡು

ನಮಸ್ಕಾರ ಮೇಡಂ. ನಾನು ಕಲಬುರಗಿಯವನು, ಉದ್ಯೋಗದ ನಿಮಿತ್ತ ಹಲವು ವರ್ಷಗಳಿಂದ ಬ್ಯಾಂಕಾಕ್‌ನಲ್ಲಿ ನೆಲೆಸಿದ್ದೇನೆ. ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಾಳೆ ಬೆಳಿಗ್ಗೆಯೇ ಅದು ನಿಮಗೆ ಮತ್ತೆ ಎದುರಾಗಬಹುದು. ಅರಮನೆ ಮುಚ್ಚಿದೆ ಎಂದು ಬೀದಿಯಲ್ಲಿ ಹೇಳುವವರ ಮಾತನ್ನು ನಂಬಬೇಡಿ. ಕಡಿಮೆ ದರದ ಟುಕ್‌ಟುಕ್ ಸವಾರಿಯ ನೆಪದಲ್ಲಿ ಪ್ರವಾಸಿಗರನ್ನು ರತ್ನದ ಅಂಗಡಿಗಳಿಗೂ ದರ್ಜಿ ಅಂಗಡಿಗಳಿಗೂ ಕರೆದೊಯ್ದು ಕಮಿಷನ್ ಪಡೆಯುವುದು ಇಲ್ಲಿ ದಶಕಗಳಿಂದ ನಡೆದುಬಂದಿರುವ ವಂಚನೆ. ರಾಜಮನೆತನದ ಸಮಾರಂಭಗಳಿದ್ದಾಗ ಕೆಲವು ಭಾಗಗಳನ್ನು ಮುಚ್ಚುವುದುಂಟು, ಆದರೆ ಅದು ಗೊತ್ತಾಗಬೇಕಾದದ್ದು ಟಿಕೆಟ್ ಕೌಂಟರಿನಲ್ಲಿ. ಮುಖ್ಯದ್ವಾರದವರೆಗೆ ನಡೆದು ಹೋಗಿ ಸಮವಸ್ತ್ರದಲ್ಲಿರುವ ಸಿಬ್ಬಂದಿಯನ್ನೇ ಕೇಳಿ. ತೊಂದರೆಯಾದರೆ ಪ್ರವಾಸಿ ಪೊಲೀಸರ ಸಂಖ್ಯೆ 1155.

ಇನ್ನು ಚಿಯಾಂಗ್ ಮಾಯ್. ದಯವಿಟ್ಟು ಈಗ ಅಲ್ಲಿಗೆ ಹೋಗಬೇಡಿ. ಸುತ್ತ ಬೆಟ್ಟಗಳಿವೆ ಎಂಬುದು ನಿಜ, ಆದರೆ ಊರು ಇರುವುದು ಕಣಿವೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 300 ಮೀಟರ್ ಎತ್ತರದಲ್ಲಿ ಮಾತ್ರ. ನಿಮ್ಮ ಶಿವಮೊಗ್ಗವೇ ಅದಕ್ಕಿಂತ ಎತ್ತರದಲ್ಲಿದೆ. ಏಪ್ರಿಲ್‌ನ ಹಗಲಿನಲ್ಲಿ ಅಲ್ಲಿಯ ತಾಪಮಾನ ಬ್ಯಾಂಕಾಕ್‌ಗಿಂತ ಕಡಿಮೆಯಿರುವುದಿಲ್ಲ, ಎಷ್ಟೋ ದಿನ ಹೆಚ್ಚೇ ಇರುತ್ತದೆ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಉತ್ತರ ಥಾಯ್ಲೆಂಡ್‌ನಲ್ಲಿ ಹೊಲದ ಕೂಳೆಯನ್ನೂ ಕಾಡಿನ ತರಗೆಲೆಯನ್ನೂ ಸುಡುವುದರಿಂದ ಏಳುವ ಹೊಗೆ ಆ ಕಣಿವೆಯಲ್ಲಿ ತುಂಬಿಕೊಂಡು, ಬೆಟ್ಟಗಳೇ ಕಾಣದಂತಾಗುತ್ತದೆ. ನಿಜವಾದ ತಂಪು ಬೇಕೆಂದರೆ 2,565 ಮೀಟರ್ ಎತ್ತರದ ದೋಯ್ ಇಂತನಾನ್ ಶಿಖರಕ್ಕೆ ಹೋಗಬೇಕು, ಅದಕ್ಕೆ ಆ ಊರಿನಿಂದ ಮತ್ತೊಂದು ಪ್ರಯಾಣ. ಚಿಯಾಂಗ್ ಮಾಯ್ ಅತ್ಯಂತ ಸುಂದರವಾದ ಊರು. ನವೆಂಬರ್ ಇಲ್ಲವೇ ಡಿಸೆಂಬರ್‌ನಲ್ಲಿ ಬಂದು ನೋಡಿ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಶಿವಮೊಗ್ಗ ಮತ್ತು ಬ್ಯಾಂಕಾಕ್ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ, ಎರಡೂ 14 ಡಿಗ್ರಿ ಉತ್ತರಕ್ಕೆ ಅತಿ ಸಮೀಪ. ಆದ್ದರಿಂದ ಈ ಏಪ್ರಿಲ್ ಕೊನೆಯ ವಾರದಲ್ಲಿ ಎರಡೂ ಊರುಗಳಲ್ಲಿ ನಡುಹಗಲಿನ ಸೂರ್ಯ ನೆತ್ತಿಯ ಮೇಲೆ ನೇರವಾಗಿ ನಿಲ್ಲುತ್ತಾನೆ. ಸೂರ್ಯ ಅದೇ, ಬಿಸಿಲೂ ಅದೇ. ಬೇರೆಯಾಗಿರುವುದು ಗಾಳಿ ಮತ್ತು ನೆಲ. ಬ್ಯಾಂಕಾಕ್ ಸಮುದ್ರಮಟ್ಟಕ್ಕಿಂತ ಒಂದೆರಡು ಮೀಟರಷ್ಟೇ ಎತ್ತರದಲ್ಲಿರುವ, ನದಿಯ ಹೂಳಿನಿಂದಾದ ಬಯಲು. ಗಾಳಿಯ ತುಂಬ ತೇವ, ಹಗಲೆಲ್ಲ ಕಾದ ಕಾಂಕ್ರೀಟು ರಾತ್ರಿಯಿಡೀ ಆ ಬಿಸಿಯನ್ನು ಬಿಡುತ್ತಿರುತ್ತದೆ. ಆದ್ದರಿಂದ ಇಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆಯದೆ, ನೆರಳಿಲ್ಲದೆ ಎಷ್ಟು ನಿಮಿಷ ನಡೆಯಬೇಕಾಗುತ್ತದೆ ಎಂಬುದರಲ್ಲಿ ಅಳೆಯಬೇಕು. ನಡುಹಗಲಿನಲ್ಲಿ ಕಟ್ಟಡಗಳ ನೆರಳು ರಸ್ತೆಗೆ ಬೀಳುವುದೇ ಇಲ್ಲ, ಆ ಹೊತ್ತಿನಲ್ಲಿ ನಡೆಯುವ ಹತ್ತು ನಿಮಿಷ ಬೆಳಗಿನ ಒಂದು ಗಂಟೆಗಿಂತ ಹೆಚ್ಚು ದಣಿಸುತ್ತದೆ.

ಈ ನಗರದಲ್ಲಿ ದಿನಕ್ಕೆ ಎರಡು ಹೊತ್ತು ಎಂದು ಎಣಿಸಿಕೊಳ್ಳಿ. ಬೆಳಗಾಗುವುದು ಸುಮಾರು ಆರಕ್ಕೆ, ಅಲ್ಲಿಂದ ಹತ್ತರವರೆಗೆ ಒಂದು ಹೊತ್ತು. ಸಂಜೆ ನಾಲ್ಕೂವರೆಯಿಂದ ರಾತ್ರಿಯವರೆಗೆ ಇನ್ನೊಂದು. ನಡುವಿನ ಸಮಯದಲ್ಲಿ ಸೂರಿನ ಕೆಳಗೇ ಇರಿ. ಇಲ್ಲಿಯ ಜನರೂ ಹಾಗೆಯೇ ಬಾಳುತ್ತಾರೆ. ಬೆಳಿಗ್ಗೆ ಆರೂವರೆಗೆ ಯಾವುದಾದರೂ ಮಾರುಕಟ್ಟೆಯ ಬಳಿ ನಿಂತರೆ ಭಿಕ್ಷುಗಳು ಪಾತ್ರೆ ಹಿಡಿದು ಹೋಗುವುದನ್ನೂ, ಗೃಹಸ್ಥರು ಚಪ್ಪಲಿ ಬಿಟ್ಟು ಮಂಡಿಯೂರಿ ಅನ್ನ ನೀಡುವುದನ್ನೂ ನೋಡಬಹುದು. ಹತ್ತು ಗಂಟೆಗೆ ಎದ್ದು ಹೊರಡುವವರಿಗೆ ಆ ಬ್ಯಾಂಕಾಕ್ ಕಾಣುವುದೇ ಇಲ್ಲ.

ಓನ್ ನುತ್‌ನಿಂದ ಹಳೆಯ ನಗರಕ್ಕೆ ನೀವು ಬಿಸಿಲಿಗೆ ಮುಖ ತೋರಿಸದೆಯೇ ಹೋಗಬಹುದು. ಬಿಟಿಎಸ್ ಮೇಲ್‌ರೈಲಿನಲ್ಲಿ ಅಸೋಕ್‌ವರೆಗೆ ಹೋಗಿ, ಅಲ್ಲಿಯೇ ಇಳಿದು ನೆಲದಡಿಯ ಎಂಆರ್‌ಟಿಯ ಸುಖುಮ್‌ವಿತ್ ನಿಲ್ದಾಣದಲ್ಲಿ ನೀಲಿ ಮಾರ್ಗದ ರೈಲು ಹತ್ತಿ. ಸನಮ್ ಚಾಯ್ ನಿಲ್ದಾಣದಲ್ಲಿ ಇಳಿದರೆ ವಾಟ್ ಪೋ ದೇವಾಲಯ ಕೆಲವೇ ನಿಮಿಷಗಳ ನಡಿಗೆ. ಈ ನಿಲ್ದಾಣ 2019ರಲ್ಲಿ ತೆರೆದದ್ದು. ಅದಕ್ಕೆ ಮೊದಲು ಅರಮನೆಯ ಪ್ರದೇಶಕ್ಕೆ ರೈಲೇ ಇರಲಿಲ್ಲ. ನಿಲ್ದಾಣದ ಒಳಗಿನ ಕಂಬಗಳನ್ನೂ ಚಾವಣಿಯನ್ನೂ ಅರಮನೆಯ ಸಭಾಮಂಟಪದ ಮಾದರಿಯಲ್ಲಿ ಅಲಂಕರಿಸಿದ್ದಾರೆ, ಇತಿಹಾಸದವರಾದ ನೀವು ಎರಡು ನಿಮಿಷ ನಿಂತು ನೋಡಿ.

ಒಂದು ಬೆಳಿಗ್ಗೆ ವಾಟ್ ಪೋ ಮತ್ತು ವಾಟ್ ಅರುಣ್ ಎರಡನ್ನೂ ಇಟ್ಟುಕೊಳ್ಳಿ. ವಾಟ್ ಪೋ ಎಂಟಕ್ಕೆ ತೆರೆಯುತ್ತದೆ. ನಲವತ್ತಾರು ಮೀಟರ್ ಉದ್ದದ ಶಯನಬುದ್ಧನ ಮಂಟಪ ಆ ಹೊತ್ತಿಗೆ ಬಹುತೇಕ ಖಾಲಿ. ಅಲ್ಲಿಂದ ತಾ ತಿಯೆನ್ ಕಟ್ಟೆಗೆ ಬಂದು, ಕೆಲವೇ ಬಾತ್ ಕೊಟ್ಟು ದೋಣಿಯಲ್ಲಿ ಚಾವೊ ಫ್ರಾಯಾ ನದಿಯನ್ನು ದಾಟಿದರೆ ವಾಟ್ ಅರುಣ್. ಅಲ್ಲಿಯ ಗೋಪುರದ ಬಿಳಿಯ ಮೈಯಿಂದ ಬಿಸಿಲು ಕಣ್ಣಿಗೆ ಹೊಡೆಯುತ್ತದೆ, ಹತ್ತಕ್ಕೆ ಮುಂಚೆಯೇ ಮೆಟ್ಟಿಲು ಹತ್ತಿ ಇಳಿದುಬಿಡಿ.

ಅರಮನೆಗೆ ಮತ್ತೊಂದು ಬೆಳಿಗ್ಗೆಯನ್ನು ಪೂರ್ತಿಯಾಗಿ ಕೊಡಿ. ಎಂಟೂವರೆಗೆ ಬಾಗಿಲು ತೆರೆಯುತ್ತದೆ, ವಿದೇಶಿಯರಿಗೆ 500 ಬಾತ್. ಭುಜ ಮತ್ತು ಮಂಡಿ ಮುಚ್ಚಿರಬೇಕು, ನಿಮ್ಮ ಹತ್ತಿ ಸೀರೆಯೋ ಸಲ್ವಾರೋ ಇದಕ್ಕೆ ಯಾವ ಪ್ರವಾಸಿ ಉಡುಪಿಗಿಂತಲೂ ಒಳ್ಳೆಯದು. ಒಳಗೆ ಹೋದ ಕೂಡಲೇ ಎಲ್ಲರೂ ಅರಮನೆಯ ಆವರಣದ ದೇವಾಲಯವಾದ ವಾಟ್ ಫ್ರಾ ಕೇವ್‌ನ ನಡುವಿನ ಅಂಗಳದಲ್ಲಿ ನಿಂತು ಫೋಟೊ ತೆಗೆಯುತ್ತಾ ಬಿಸಿಲಿನಲ್ಲಿ ಬೇಯುತ್ತಾರೆ. ನೀವು ನೇರವಾಗಿ ಸುತ್ತಲಿನ ಮೊಗಸಾಲೆಗೆ ಹೋಗಿ. ಇಡೀ ದೇವಾಲಯವನ್ನು ಬಳಸಿ ಹೋಗುವ ಆ ಹೆಂಚಿನ ಸೂರಿನ ಕೆಳಗೆ, 178 ಫಲಕಗಳಲ್ಲಿ ರಾಮಕಿಯೆನ್ ಇಡಿಯಾಗಿ ಚಿತ್ರಿತವಾಗಿದೆ. ಜನಕನಿಗೆ ನೇಗಿಲ ಸಾಲಿನಲ್ಲಿ ಸೀತೆ ದೊರಕುವ ಚಿತ್ರದಿಂದ ಕಥೆ ಆರಂಭ. ಇಲ್ಲಿಯ ಹನುಮಂತ ಬಿಳಿಯ ಬಣ್ಣದವನು, ಬ್ರಹ್ಮಚಾರಿಯಲ್ಲ. ಸೇತುವೆಯ ಕಲ್ಲುಗಳನ್ನು ಕದಿಯಲು ಬಂದ, ರಾವಣನ ಮಗಳಾದ ಮತ್ಸ್ಯಕನ್ಯೆಯನ್ನು ಅವನು ಒಲಿಸಿಕೊಳ್ಳುತ್ತಾನೆ. ಚಿನ್ನದ ರೇಖೆಗಳಿಂದ ತುಂಬಿದ ಆ ಫಲಕಗಳನ್ನು ಕ್ರಮವಾಗಿ ನೋಡುತ್ತಾ ಹೋದರೆ ಎರಡು ಗಂಟೆ ನೆರಳಿನಲ್ಲಿಯೇ ಕಳೆಯುತ್ತದೆ. ನನ್ನ ಅಭಿಪ್ರಾಯದಲ್ಲಿ ಬ್ಯಾಂಕಾಕ್‌ನಲ್ಲಿ ಒಂದೇ ಒಂದನ್ನು ನೋಡಲು ಸಾಧ್ಯವಿದ್ದರೆ ಈ ಮೊಗಸಾಲೆಯನ್ನು ನೋಡಬೇಕು.

ನಡುಹಗಲಿಗೆ ಸನಮ್ ಚಾಯ್ ನಿಲ್ದಾಣದ ಪಕ್ಕದ ಮ್ಯೂಸಿಯಂ ಸಯಾಮ್ ಇದೆ, ಸೋಮವಾರ ರಜೆ. ಸನಾಮ್ ಲುವಾಂಗ್ ಮೈದಾನದ ಬದಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯ ನಿಮಗೆ ಒಂದು ದಿನಕ್ಕೆ ಸಾಲದು, ಅದು ಸೋಮವಾರ ಮತ್ತು ಮಂಗಳವಾರ ಮುಚ್ಚಿರುತ್ತದೆ. ಸಂಜೆ ನಾಲ್ಕೂವರೆಯ ನಂತರ ಮತ್ತೆ ಹೊರಗೆ ಬನ್ನಿ, ಆದರೆ ಆಗಲೂ ನೀರಿನ ಮೇಲೆಯೇ ಓಡಾಡಿ. ಕಿತ್ತಳೆ ಬಾವುಟದ ನದಿ ದೋಣಿಯಲ್ಲಿ ಸಫಾನ್ ತಾಕ್‌ಸಿನ್ ಬಳಿಯ ಸಾಥೋರ್ನ್ ಕಟ್ಟೆಯವರೆಗೆ ಬಂದರೆ ಅಲ್ಲಿಯೇ ಬಿಟಿಎಸ್ ಸಿಗುತ್ತದೆ. ಇನ್ನೊಂದು ಸಂಜೆ ಸೇನ್ ಸೇಪ್ ಕಾಲುವೆಯ ದೋಣಿ ಹತ್ತಿ. ಮೂರನೆಯ ರಾಮನ ಕಾಲದಲ್ಲಿ, 1837ರಿಂದ 1840ರವರೆಗೆ, ತೋಡಿಸಿದ ಈ ಕಾಲುವೆಯಲ್ಲಿ ಇಂದಿಗೂ ಜನ ಕಚೇರಿಗೆ ಹೋಗಿಬರುತ್ತಾರೆ. ಬದಿಯಲ್ಲಿ ಕೂತವರು ಹಗ್ಗ ಎಳೆದು ಟಾರ್ಪಾಲನ್ನು ಎತ್ತಿ ಹಿಡಿಯಬೇಕು, ಇಲ್ಲದಿದ್ದರೆ ಕಾಲುವೆಯ ಕೊಳಕು ನೀರು ಮುಖಕ್ಕೆ ಸಿಡಿಯುತ್ತದೆ. ಪ್ರತುನಾಮ್‌ನಲ್ಲಿ ದೋಣಿ ಬದಲಿಸಿ ಹಳೆಯ ನಗರದ ಕಡೆಯ ಕೊನೆಯ ನಿಲ್ದಾಣದಲ್ಲಿ ಇಳಿದರೆ ವಾಟ್ ಸಾಕೇತ್‌ನ ಚಿನ್ನದ ಬೆಟ್ಟ ಅಲ್ಲಿಂದ ದೂರವಿಲ್ಲ. ಮುನ್ನೂರಕ್ಕೂ ಹೆಚ್ಚು ಮೆಟ್ಟಿಲುಗಳಿವೆ, ಆದರೆ ದಾರಿ ಗಿಡಮರಗಳ ನಡುವೆ ಸುತ್ತಿಕೊಂಡು ಹೋಗುವುದರಿಂದ ಆಯಾಸವಾಗುವುದಿಲ್ಲ. ಮೇಲೆ ಸದಾ ಗಾಳಿ ಇರುತ್ತದೆ.

---

ನೇತ್ರಾವತಿ

ನಾನು ಮಂಗಳೂರಿನಲ್ಲಿ ವೈದ್ಯೆ. ಮೇಲಿನ ಸಲಹೆಗಳು ಬಹಳ ಉಪಯುಕ್ತವಾಗಿವೆ. ಆದರೆ ಪ್ರಶ್ನೆ ಕೇಳಿದವರು ತಲೆ ಭಾರವಾಗುತ್ತದೆ ಎಂದು ಬರೆದಿರುವುದನ್ನು ಹಗುರವಾಗಿ ತೆಗೆದುಕೊಳ್ಳಬಾರದೆಂದು ಇಷ್ಟನ್ನು ಸೇರಿಸುತ್ತಿದ್ದೇನೆ.

ನಮ್ಮ ದೇಹ ತಂಪಾಗುವುದು ಬೆವರು ಸುರಿಯುವುದರಿಂದಲ್ಲ, ಸುರಿದ ಬೆವರು ಆರುವುದರಿಂದ. ಕಲಬುರಗಿಯ 42 ಡಿಗ್ರಿಯಲ್ಲಿ ಗಾಳಿ ಒಣಗಿರುವುದರಿಂದ ಬೆವರು ಕ್ಷಣದಲ್ಲಿ ಆರುತ್ತದೆ. ಮಂಗಳೂರು ಅಥವಾ ಬ್ಯಾಂಕಾಕ್‌ನ 35 ಡಿಗ್ರಿಯಲ್ಲಿ ಅದು ಮೈಯಿಂದ ಬರಿದೇ ಹರಿದು ಹೋಗುತ್ತದೆ. ನೀರೂ ಉಪ್ಪೂ ಕಳೆದುಹೋಗುತ್ತವೆ, ತಂಪು ಮಾತ್ರ ದೊರೆಯುವುದಿಲ್ಲ. ಹೊಸ ಹವೆಗೆ ದೇಹ ಒಗ್ಗಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಆ ಅವಧಿಯಲ್ಲಿ ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರು ಬೇಗನೆ ಆರಂಭವಾಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಆದ್ದರಿಂದ ಮೊದಲ ದಿನಗಳ ಬಳಲಿಕೆಯನ್ನು ನೋಡಿ ಈ ಊರು ನನಗೆ ಆಗಿಬರುವುದಿಲ್ಲ ಎಂದು ತೀರ್ಮಾನಿಸಬೇಡಿ. ಅದೇ ಸಮಯದಲ್ಲಿ, ಒಗ್ಗಿಕೊಳ್ಳಲೆಂದು ಬಲವಂತವಾಗಿ ಬಿಸಿಲಿನಲ್ಲಿ ನಡೆಯಲೂ ಬೇಡಿ. ದಿನದಿಂದ ದಿನಕ್ಕೆ ಸ್ವಲ್ಪಸ್ವಲ್ಪ ಹೆಚ್ಚಿಸಿ.

ಬರೀ ನೀರನ್ನೇ ಕುಡಿಯುತ್ತಾ ಹೋಗುವುದು ಸಾಲದು. ಓಆರ್‌ಎಸ್ ಪೊಟ್ಟಣಗಳು ಅಲ್ಲಿಯ ಔಷಧಿ ಅಂಗಡಿಗಳಲ್ಲಿ ಸಿಗುತ್ತವೆ, ಪೊಟ್ಟಣದ ಮೇಲೆ ಹೇಳಿರುವಷ್ಟೇ ನೀರಿನಲ್ಲಿ ಕರಗಿಸಿ, ಮಧ್ಯಾಹ್ನದ ಹೊತ್ತಿಗೆ ಕುಡಿಯಿರಿ. ಊಟವನ್ನು ತಪ್ಪಿಸಬೇಡಿ, ಏಕೆಂದರೆ ಉಪ್ಪು ಮುಖ್ಯವಾಗಿ ದೇಹಕ್ಕೆ ಸೇರುವುದು ಊಟದಿಂದಲೇ. ಮೂತ್ರದ ಬಣ್ಣ ಗಾಢವಾಗಿದ್ದರೆ ನೀರು ಸಾಕಾಗಿಲ್ಲವೆಂದು ತಿಳಿಯಿರಿ. ರಕ್ತದೊತ್ತಡಕ್ಕೆ ಮೂತ್ರವರ್ಧಕ ಮಾತ್ರೆ ತೆಗೆದುಕೊಳ್ಳುವವರಾದರೆ ನಿಮ್ಮ ವೈದ್ಯರೊಂದಿಗೆ ಇಂದೇ ಫೋನಿನಲ್ಲಿ ಮಾತನಾಡಿ.

ತಲೆಸುತ್ತು, ವಾಕರಿಕೆ, ಕಾಲಿನ ಸ್ನಾಯುಗಳ ಸೆಳೆತ, ವಿಪರೀತ ಬೆವರು ಇವುಗಳಲ್ಲಿ ಯಾವುದು ಕಂಡರೂ ಅಲ್ಲಿಗೇ ನಡಿಗೆಯನ್ನು ನಿಲ್ಲಿಸಿ, ಎದುರಿಗೆ ಸಿಗುವ ಯಾವುದೇ ಹವಾನಿಯಂತ್ರಿತ ಅಂಗಡಿಯೊಳಗೆ ಹೋಗಿ ಕುಳಿತುಕೊಳ್ಳಿ. ಬ್ಯಾಂಕಾಕ್‌ನಲ್ಲಿ ಸೆವೆನ್ ಇಲೆವೆನ್ ಅಂಗಡಿಗಳು ಹೆಜ್ಜೆಗೊಂದರಂತೆ ಇರುವುದು ಈ ದೃಷ್ಟಿಯಿಂದ ದೊಡ್ಡ ಅನುಕೂಲ. ಕುತ್ತಿಗೆ ಮತ್ತು ಕಂಕುಳಿಗೆ ಒದ್ದೆ ಬಟ್ಟೆ ಇಟ್ಟುಕೊಂಡು ಗಾಳಿಗೆ ಕುಳಿತರೆ ಅರ್ಧ ಗಂಟೆಯಲ್ಲಿ ಚೇತರಿಕೆ ಕಾಣಬೇಕು. ಕಾಣದಿದ್ದರೆ, ಅಥವಾ ಮಾತು ತೊದಲುವುದು, ಎಲ್ಲಿದ್ದೇನೆಂದು ತಿಳಿಯದಂತಾಗುವುದು ಇಂತಹ ಲಕ್ಷಣಗಳಿದ್ದರೆ ಅದು ತುರ್ತು ಪರಿಸ್ಥಿತಿ. ಥಾಯ್ಲೆಂಡ್‌ನಲ್ಲಿ ತುರ್ತು ವೈದ್ಯಕೀಯ ಸೇವೆಯ ಸಂಖ್ಯೆ 1669. ಒಬ್ಬರೇ ಇರುವವರಿಗೆ ಗೊಂದಲದ ಲಕ್ಷಣ ತಮಗೇ ಗೊತ್ತಾಗುವುದಿಲ್ಲ. ಆದ್ದರಿಂದ ಬೆಳಿಗ್ಗೆ ಹೊರಡುವಾಗ ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ ಎಂಬುದನ್ನು ಹೋಟೆಲಿನವರಿಗೂ ಮನೆಯವರಿಗೂ ತಿಳಿಸಿ. ಹೋಟೆಲಿನ ಹೆಸರು ವಿಳಾಸವನ್ನು ಥಾಯ್ ಲಿಪಿಯಲ್ಲಿ ಬರೆಸಿಕೊಂಡು ಚೀಲದಲ್ಲಿ ಇಟ್ಟುಕೊಳ್ಳಿ.

---

ಅಂಬಲಿ

ನಾನೂ ಒಬ್ಬಳೇ ಪ್ರವಾಸ ಮಾಡುವವಳು, ಹುಟ್ಟಿನಿಂದ ಸಸ್ಯಾಹಾರಿ, ಬ್ಯಾಂಕಾಕ್‌ಗೆ ಹೋಗಿಬಂದಿದ್ದೇನೆ. ಊಟದ ವಿಷಯ ನಾನು ಹೇಳುತ್ತೇನೆ.

ಅಲ್ಲಿ ತರಕಾರಿ ಊಟ ಎಂದು ಕೇಳಿದರೆ ಮಾಂಸವಿಲ್ಲದ ಊಟ ಕೊಡುತ್ತಾರೆ, ಆದರೆ ಅದರಲ್ಲಿ ಮೀನಿನ ರಸವಾದ ನಾಮ್ ಪ್ಲಾ ಇರುತ್ತದೆ, ಸೊಪ್ಪಿನ ಪಲ್ಯಕ್ಕೂ ಆಯ್ಸ್ಟರ್ ಸಾಸ್ ಹಾಕಿರುತ್ತಾರೆ. ಹಸಿ ಪಪ್ಪಾಯಿಯ ಸೋಮ್ ತಾಮ್ ನೋಡಲು ನಮ್ಮ ಕೋಸಂಬರಿಯಂತಿದ್ದರೂ ಒಣಸಿಗಡಿ ಸೇರಿರುತ್ತದೆ. ಆದ್ದರಿಂದ ನೀವು ಹುಡುಕಬೇಕಾದದ್ದು ‘ಜೇ’ ಊಟವನ್ನು. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ ಬರೆದಿರುವ ಅಂಗಡಿ ಕಂಡರೆ ಅನುಮಾನವಿಲ್ಲದೆ ಒಳಗೆ ಹೋಗಿ. ಚೀನೀ ಬೌದ್ಧ ಸಂಪ್ರದಾಯದಿಂದ ಬಂದ ಈ ಅಡುಗೆಯಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇರುವುದಿಲ್ಲ, ಬೆಳ್ಳುಳ್ಳಿ ಈರುಳ್ಳಿಯೂ ಇಲ್ಲ. ನಮ್ಮ ಮಠಗಳ ಊಟ ಮಾಡಿ ರೂಢಿಯಿರುವವರಿಗೆ ಅದು ಹಿತವೆನಿಸುತ್ತದೆ. ಬೇರೆ ಅಂಗಡಿಗಳಲ್ಲಿ ‘ಕಿನ್ ಜೇ’ ಎಂದು ಹೇಳಿ, ಜೊತೆಗೆ ‘ಮಾಯ್ ಸಾಯ್ ನಾಮ್ ಪ್ಲಾ’ ಎಂದು ಮೀನಿನ ರಸ ಬೇಡವೆಂಬುದನ್ನು ಬಿಡಿಸಿ ಹೇಳಿ. ಮೊಬೈಲಿನಲ್ಲಿ ಥಾಯ್ ಲಿಪಿಯಲ್ಲಿಯೇ ಬರೆದು ತೋರಿಸಿದರೆ ಇನ್ನೂ ಒಳ್ಳೆಯದು.

ಇದು ಮಾವಿನ ಕಾಲ. ತೆಂಗಿನ ಹಾಲಿನಲ್ಲಿ ನೆನೆಸಿದ ಅಂಟು ಅನ್ನದೊಂದಿಗೆ ಕೊಡುವ ನಾಮ್ ದೋಕ್ ಮಾಯ್ ಮಾವಿನಹಣ್ಣನ್ನು ಬಿಡಬೇಡಿ. ಎಳನೀರು ಎಲ್ಲೆಡೆ ಸಿಗುತ್ತದೆ. ಚಪಾತಿ ಪಲ್ಯಕ್ಕೆ ಮನಸ್ಸು ಎಳೆದರೆ ಸಾಮ್ ಯೋತ್ ನಿಲ್ದಾಣದಲ್ಲಿ ಇಳಿದು ಪಾಹುರಾತ್‌ಗೆ ಹೋಗಿ. ಅದು ಭಾರತೀಯ ಬಟ್ಟೆ ವ್ಯಾಪಾರಿಗಳ ಬೀದಿ, ಚಿನ್ನದ ಗುಮ್ಮಟದ ಗುರುದ್ವಾರವೂ ಅಲ್ಲಿಯೇ ಇದೆ. ಪಕ್ಕದ ಸಂಪೆಂಗ್ ಓಣಿಯ ಮೇಲೆ ಉದ್ದಕ್ಕೂ ಹೊದಿಕೆ ಇರುವುದರಿಂದ ಬಿಸಿಲು ಬೀಳುವುದಿಲ್ಲ, ಆದರೆ ಜನಸಂದಣಿ ಬಹಳ.

ಒಬ್ಬರೇ ಇರುವವರಿಗೆ ನನ್ನ ಇನ್ನೊಂದು ಮಾತು. ಮೊದಲ ದಿನಗಳಲ್ಲಿ ಹೊಸ ಜಾಗಗಳ ಪಟ್ಟಿಯನ್ನು ಬೆಳೆಸುವ ಬದಲು, ನಿಮ್ಮ ಹೋಟೆಲಿನ ಓಣಿಯನ್ನೇ ಚೆನ್ನಾಗಿ ಪರಿಚಯ ಮಾಡಿಕೊಳ್ಳಿ. ಒಂದೇ ಗಾಡಿಯಲ್ಲಿ ಪ್ರತಿದಿನ ಅದೇ ಹೊತ್ತಿಗೆ ಹಣ್ಣು ಕೊಳ್ಳಿ. ಮೂರನೆಯ ಸಲ ಹೋದಾಗ ಆಕೆ ನಿಮ್ಮನ್ನು ಗುರುತಿಸುತ್ತಾಳೆ, ಆಮೇಲೆ ಆ ಓಣಿ ಅಪರಿಚಿತವೆನಿಸುವುದಿಲ್ಲ. ಸುಖುಮ್‌ವಿತ್‌ನಲ್ಲಿ ವಿಳಾಸ ಹುಡುಕುವ ಕ್ರಮವನ್ನೂ ತಿಳಿದುಕೊಳ್ಳಿ. ಬೆಸ ಸಂಖ್ಯೆಯ ಓಣಿಗಳು ರಸ್ತೆಯ ಒಂದು ಬದಿಗೆ, ಸಮ ಸಂಖ್ಯೆಯವು ಇನ್ನೊಂದು ಬದಿಗೆ ಇರುತ್ತವೆ, ಆದರೆ ಅವು ಸಮನಾಗಿ ಸಾಗುವುದಿಲ್ಲ. ಥೋಂಗ್ ಲೋ ನಿಲ್ದಾಣದ ಬಳಿ 55ನೆಯ ಓಣಿಯ ಎದುರಿಗೆ ಇರುವುದು 38ನೆಯದು. ಇದು ಗೊತ್ತಿಲ್ಲದೆ ಬಿಸಿಲಿನಲ್ಲಿ ಎದುರಿನ ಓಣಿಯನ್ನು ಹುಡುಕುತ್ತಾ ಹೊರಟರೆ ವೃಥಾ ದಣಿವಾಗುತ್ತದೆ.

ಒಂದು ಸಂಜೆಯನ್ನು ಲುಂಪಿನಿ ಉದ್ಯಾನಕ್ಕೆ ಕೊಡಿ. ಕೊಳದ ದಡದಲ್ಲಿ ದೊಡ್ಡ ದೊಡ್ಡ ಉಡಗಳು ಓಡಾಡುತ್ತಿರುತ್ತವೆ, ಅವುಗಳ ತಂಟೆಗೆ ಹೋಗದಿದ್ದರೆ ಏನೂ ಮಾಡುವುದಿಲ್ಲ. ಆರು ಗಂಟೆಗೆ ಧ್ವನಿವರ್ಧಕದಲ್ಲಿ ರಾಷ್ಟ್ರಗೀತೆ ಮೊಳಗಿದಾಗ ಓಡುತ್ತಿದ್ದವರೂ ನಡೆಯುತ್ತಿದ್ದವರೂ ಇದ್ದಲ್ಲಿಯೇ ನಿಲ್ಲುತ್ತಾರೆ, ನೀವೂ ನಿಲ್ಲಬೇಕು. ಬೆಳಿಗ್ಗೆ ಎಂಟಕ್ಕೂ ಹೀಗೆಯೇ. ದೂರದ ತೇಲುವ ಮಾರುಕಟ್ಟೆಗಳ ಪ್ರವಾಸವನ್ನು ಹೋಟೆಲಿನವರು ಒತ್ತಾಯ ಮಾಡಿ ಮಾರುತ್ತಾರೆ. ದಮ್ನೋನ್ ಸದುವಾಕ್‌ಗೆ ಹೋಗಿಬರಲು ಅರ್ಧ ದಿನ ವ್ಯಾನಿನಲ್ಲಿಯೇ ಕಳೆಯುತ್ತದೆ. ಹವೆಗೆ ಒಗ್ಗಿಕೊಳ್ಳುವವರೆಗೆ ಅದನ್ನು ಬದಿಗಿಡಿ.

---

ತುಂಗಾತೀರ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಚಿಯಾಂಗ್ ಮಾಯ್‌ನ ಯೋಚನೆಯನ್ನು ಕೈಬಿಟ್ಟಿದ್ದೇನೆ. ಡಾಕ್ಟರ್ ಅವರೇ, ನನಗೆ ರಕ್ತದೊತ್ತಡವಿಲ್ಲ, ಬೇರೆ ಯಾವ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿಲ್ಲ. ಓಆರ್‌ಎಸ್ ಪೊಟ್ಟಣಗಳು ಓಣಿಯ ತುದಿಯ ಔಷಧಿ ಅಂಗಡಿಯಲ್ಲಿಯೇ ದೊರೆತವು.

ಇಂದು ಬೆಳಿಗ್ಗೆ ಬಿಸಿಲನಾಡು ಅವರು ಹೇಳಿದ ದಾರಿಯಲ್ಲಿಯೇ ಹೊರಟು, ಬಾಗಿಲು ತೆರೆಯುವ ಹೊತ್ತಿಗೆ ಅರಮನೆಯ ಮುಂದಿದ್ದೆ. ಅದೇ ಗೋಡೆಯ ಬಳಿ ಇನ್ನೊಬ್ಬರು ಎದುರಾಗಿ ಅದೇ ಮಾತನ್ನು ಹೇಳಿದರು. ನಿಲ್ಲದೆ ಮುಂದೆ ಹೋದೆ, ಬಾಗಿಲು ತೆರೆದೇ ಇತ್ತು. ಮೊಗಸಾಲೆಯಲ್ಲಿ ಮಧ್ಯಾಹ್ನ ಹತ್ತಿರವಾಗುವವರೆಗೆ ಇದ್ದೆ. ಸೇತುಬಂಧದ ಫಲಕದ ಮುಂದೆ ಬಹಳ ಹೊತ್ತು ನಿಂತೆ. ನಮ್ಮಲ್ಲಿ ಅಳಿಲು ಸೇವೆಗೆ ಮನಕರಗುವ ಆ ಪ್ರಸಂಗದಲ್ಲಿ, ಇಲ್ಲಿ ಕಡಲ ತಳದಲ್ಲಿ ಮೀನುಗಳು ಬಂಡೆಗಳನ್ನು ಹೊತ್ತೊಯ್ಯುತ್ತಿರುವುದನ್ನು ಚಿತ್ರಿಸಿದ್ದಾರೆ. ಯುದ್ಧದ ಚಿತ್ರಗಳ ಅಂಚಿನಲ್ಲಿ ಸಂತೆ, ಜೂಜು, ಅಡುಗೆ, ಆಟವಾಡುವ ಮಕ್ಕಳು ಹೀಗೆ ಸಾಮಾನ್ಯ ಜನರ ಬದುಕನ್ನೂ ಬಿಡಿಸಿದ್ದಾರೆ. ಇತಿಹಾಸದ ತರಗತಿಯಲ್ಲಿ ನಾನು ಹೇಳಬೇಕಾದ ಎಷ್ಟೋ ವಿಷಯಗಳು ಆ ಅಂಚುಗಳಲ್ಲಿವೆ.

ತಾವು ಹೇಳಿದಂತೆ ಹಗಲಿನ ನಡುವಣ ಹೊತ್ತನ್ನು ಸೂರಿನ ಕೆಳಗೆ ಕಳೆಯುವುದಕ್ಕೆ ಸಂಬಂಧಿಸಿದಂತೆ ಒಂದು ಪ್ರಶ್ನೆ ಉಳಿದಿದೆ. ಅರಮನೆಯ ಟಿಕೆಟ್ಟಿನೊಂದಿಗೆ ಖೋನ್ ನೃತ್ಯನಾಟಕಕ್ಕೆ ಪ್ರವೇಶವಿದೆ ಎಂದು ಬರೆದಿದೆ. ಬಳಲಿಕೆಯ ಭಯದಿಂದ ಇಂದು ಹೋಗಲಿಲ್ಲ. ಅದನ್ನು ನೋಡುವುದು ಸಾರ್ಥಕವೇ? ಹಾಗೆಯೇ ಬಾವಟಾ ಕಂಬದಂತಿರುವ ಕೆಂಪು ಉಯ್ಯಾಲೆಯ ಬಳಿ ಹಿಂದೂ ದೇವಾಲಯವಿದೆ ಎಂದು ಓದಿದ್ದೆ, ಅದು ಪ್ರವಾಸಿಗರಿಗೆ ತೆರೆದಿರುತ್ತದೆಯೇ?

---

ಬಿಸಿಲನಾಡು

ಖಂಡಿತವಾಗಿಯೂ ನೋಡಿ ಮೇಡಂ. ಅದು ನಡೆಯುವುದು ಸಾಮ್ ಯೋತ್ ನಿಲ್ದಾಣದ ಸಮೀಪದ ಸಾಲಾ ಚಲೆಮ್‌ಕ್ರುಂಗ್ ರಂಗಮಂದಿರದಲ್ಲಿ. 1933ರಲ್ಲಿ ಆರಂಭವಾದ ಚಿತ್ರಮಂದಿರವದು, ಈಗಲೂ ಒಳಗೆ ಒಳ್ಳೆಯ ತಂಪು. ಪ್ರದರ್ಶನ ಚಿಕ್ಕದು, ವಾರದ ದಿನಗಳಲ್ಲಿ ಹಗಲು ಹೊತ್ತಿನಲ್ಲಿಯೇ ನಡೆಯುತ್ತದೆ. ನಿಮ್ಮ ಟಿಕೆಟ್ಟಿನ ಅವಧಿ ಮತ್ತು ಆಯಾ ದಿನದ ವೇಳೆಯನ್ನು ರಂಗಮಂದಿರದ ಕೌಂಟರಿನಲ್ಲಿಯೇ ಕೇಳಿಕೊಳ್ಳಿ. ಯಕ್ಷಗಾನ ನೋಡಿ ಬೆಳೆದ ಮಲೆನಾಡಿನವರಿಗೆ ಈ ಮುಖವಾಡದ ಆಟವನ್ನು ಯಾರೂ ವಿವರಿಸಬೇಕಾಗಿಲ್ಲ. ಪಾತ್ರಧಾರಿ ಮಾತನಾಡುವುದಿಲ್ಲ, ಕಥೆಯನ್ನು ಹಿನ್ನೆಲೆಯಲ್ಲಿ ಹಾಡಿ ಹೇಳುತ್ತಾರೆ. ಹಸಿರು ಮುಖದ ತೋಸಕನ್ ರಂಗಕ್ಕೆ ಬಂದ ಕೂಡಲೇ ಅವನು ದಶಕಂಠನೆಂದು ನಿಮಗೆ ತಿಳಿಯುತ್ತದೆ. 2018ರಲ್ಲಿ ಯುನೆಸ್ಕೊ ಈ ಕಲೆಯನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದೆ.

ಉಯ್ಯಾಲೆಯ ಬಳಿ ಇರುವುದು ದೇವಸ್ಥಾನ್ ಎಂದೇ ಕರೆಯುವ ರಾಜಪುರೋಹಿತರ ದೇವಾಲಯ, ನಗರ ಸ್ಥಾಪನೆಯಾದ ಎರಡೇ ವರ್ಷಕ್ಕೆ, 1784ರಲ್ಲಿ, ಕಟ್ಟಿದ್ದು. ಶಿವ, ಗಣಪತಿ, ವಿಷ್ಣುವಿಗೆ ಬೇರೆಬೇರೆ ಗುಡಿಗಳಿವೆ. ಎದುರಿನ ಕೆಂಪು ಕಂಬಗಳ ನಡುವೆ ಶಿವನ ಉತ್ಸವದಲ್ಲಿ ಉಯ್ಯಾಲೆಯಾಡುವ ಪದ್ಧತಿಯನ್ನು 1935ರಲ್ಲಿ ನಿಲ್ಲಿಸಿದರು. ಸಾರ್ವಜನಿಕರನ್ನು ಒಳಗೆ ಬಿಡುತ್ತಾರೆ, ಆದರೆ ಗುಡಿಗಳು ಎಲ್ಲ ಹೊತ್ತೂ ತೆರೆದಿರುವುದಿಲ್ಲ. ಬೆಳಿಗ್ಗೆಯೇ ಹೋಗಿ, ಎದುರಿನ ವಾಟ್ ಸುತತ್‌ನ ಭಿತ್ತಿಚಿತ್ರಗಳನ್ನೂ ನೋಡಿಕೊಂಡು, ಅಲ್ಲಿಂದ ಸಾಮ್ ಯೋತ್ ಕಡೆಗೆ ನಡೆದರೆ ರಂಗಮಂದಿರವನ್ನು ಹನ್ನೊಂದರೊಳಗೆ ಸೇರಿಕೊಳ್ಳಬಹುದು. ದಾರಿಯುದ್ದಕ್ಕೂ ಅಂಗಡಿಗಳ ಮುಂಚಾಚು ಇರುವುದರಿಂದ ಎಡಬದಿಯೋ ಬಲಬದಿಯೋ, ನೆರಳಿರುವ ಬದಿಯನ್ನು ಹಿಡಿದು ನಡೆಯಿರಿ. ಕೊಡೆ ಮಾತ್ರ ಕೈಯಲ್ಲಿರಲಿ. ಮೇ ತಿಂಗಳು ಹತ್ತಿರವಾದಂತೆ ಸಂಜೆಯ ಗುಡುಗುಮಳೆ ಮುನ್ಸೂಚನೆಯಿಲ್ಲದೆ ಸುರಿಯತೊಡಗುತ್ತದೆ.